ಮಗಳು ‘ಸೈಕಾಲಜಿ’ ಓದುತ್ತೇನೆ ಎಂದಾಗ

ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ ಎಂದರೆ ನೆಂಟರಿಷ್ಟರು ತಲೆದೂಗುತ್ತಾರೆ. ಬಿ.ಎಡ್. ಎಂದರೆ "ಹೆಣ್ಣುಮಗೀಗೆ ಒಳ್ಳೇದು ಬಿಡಿ" ಅನ್ನುತ್ತಾರೆ. ಮನಶ್ಶಾಸ್ತ್ರ ಎಂದು ಹೇಳಿ ನೋಡಿ! ಪಂಕ್ತಿಯಲ್ಲಿ ಬಡಿಸುತ್ತಿದ್ದವರು ಸೌಟು ಹಿಡಿದು ಅಲ್ಲೇ ನಿಂತು, "ಅಂದ್ರೆ ಹುಚ್ಚಾಸ್ಪತ್ರೇಲಿ ಕೆಲ್ಸಾನಾ?" ಎಂದು ಕೇಳುತ್ತಾರೆ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮದುವೆಮನೆಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರನ್ನು ದೂರಿ ಪ್ರಯೋಜನವಿಲ್ಲ. ಆ ಓದು ಎಂಥದು, ಅದಕ್ಕೆ ಏನೇನು ಬೇಕು ಎಂದು ನಮ್ಮಂಥವರಿಗೆ ಬಿಡಿಸಿ ಹೇಳಿದವರು ಯಾರು?

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆದರೆ ನಮ್ಮ ಭಾವನವರ ಮಗಳು ಈ ವಿಷಯದಲ್ಲಿ ಎಂ.ಎಸ್ಸಿ. ಮಾಡಿದಾಗ, ಅವಳ ಸಂಶೋಧನೆಯ ಕೆಲಸಕ್ಕೆ ಜೊತೆಯಾಗಿ ತೋಟದ ಮನೆಗಳನ್ನೆಲ್ಲ ಸುತ್ತಿದವಳು ನಾನು. ಆಗ ಅವಳ ಬಾಯಿಂದ ಕೇಳಿದ್ದು, ಆಮೇಲೆ ವಿಚಾರಿಸಿ ತಿಳಿದದ್ದು, ಇವೆರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಪಿಯುಸಿ, ಡಿಗ್ರಿ ಓದುವ ಹೆಣ್ಣುಮಕ್ಕಳಿರುವ ಸೋದರಿಯರು ಒಲೆ ಸಣ್ಣ ಮಾಡಿ ಸ್ವಲ್ಪ ಹೊತ್ತು ಓದಿ.

ಮೊದಲು ಒಂದು ಗೊಂದಲ ಬಗೆಹರಿಸೋಣ. ಮನೋವೈದ್ಯರು ಬೇರೆ, ಮನಶ್ಶಾಸ್ತ್ರಜ್ಞರು ಬೇರೆ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ, ಆ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರು. ಮಾತ್ರೆ ಬರೆದುಕೊಡುವವರು ಅವರು. ಮನಶ್ಶಾಸ್ತ್ರಕ್ಕೆ ವೈದ್ಯಕೀಯ ಕಾಲೇಜು ಬೇಕಿಲ್ಲ. ಮಗು ಹೇಗೆ ಕಲಿಯುತ್ತದೆ, ನೆನಪು ಯಾಕೆ ಕೈಕೊಡುತ್ತದೆ, ಕೋಪ, ಭಯ, ಚಿಂತೆಗಳನ್ನು ಅಳೆಯುವುದು ಹೇಗೆ, ಇದೆಲ್ಲ ಅದರ ಪಾಠ. ಅದರಲ್ಲೂ ಸಂಶೋಧನೆಗೆ ಒತ್ತು ಕೊಟ್ಟ ಎಂ.ಎಸ್ಸಿ. ಅಂದರೆ, ಬೇರೆಯವರು ಕಂಡುಹಿಡಿದದ್ದನ್ನು ಓದಿದರೆ ಮಾತ್ರ ಸಾಲದು, ತಾನೂ ಒಂದು ಪ್ರಶ್ನೆ ಹಿಡಿದು ಉತ್ತರ ಹುಡುಕಿ ತೋರಿಸಬೇಕು.

ಇದೇನು ನಿನ್ನೆ ಮೊನ್ನೆ ಬಂದ ಓದಲ್ಲ. ಮೈಸೂರಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಆಗ ಕುಲಪತಿಗಳಾಗಿದ್ದವರು ಬಂಗಾಳದ ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ವಿಭಾಗ ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ದೊಡ್ಡ ವಿದ್ವಾಂಸರ ಬಳಿ ಓದಿ ಬಂದಿದ್ದ ಎಂ.ವಿ. ಗೋಪಾಲಸ್ವಾಮಿ. ಈ ಹೆಸರು ಎಲ್ಲೋ ಕೇಳಿದಂತಿದೆ ಅನ್ನಿಸಿತೆ? 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಆರಂಭಿಸಿದ ‘ಆಕಾಶವಾಣಿ’ಯ ಗೋಪಾಲಸ್ವಾಮಿ ಇವರೇ. ರೇಡಿಯೋ ಅವರ ಹವ್ಯಾಸ, ಕಸುಬು ಮನಶ್ಶಾಸ್ತ್ರ! ಇನ್ನು ನಮ್ಮ ‘ಕೊರವಂಜಿ’ಯ ರಾಶಿ, ಅಂದರೆ ಡಾ. ಎಂ. ಶಿವರಾಂ ಬರೆದ ‘ಮನಮಂಥನ’ ಮನಸ್ಸಿನ ಕುರಿತ ಪುಸ್ತಕವೇ. ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. "ಇದೆಲ್ಲ ಫಾರಿನ್ನಿನವರ ಓದು" ಎನ್ನುವ ಹಿರಿಯರು ಮನೆಯಲ್ಲಿದ್ದರೆ ಇಷ್ಟು ಹೇಳಿ ಸಾಕು.

ಈಗ ಮೆಟ್ಟಿಲುಗಳಿಗೆ ಬರೋಣ. ಪಿಯುಸಿಯಲ್ಲಿ ಮನಶ್ಶಾಸ್ತ್ರ ಒಂದು ಐಚ್ಛಿಕ ವಿಷಯವಾಗಿ ಇದೆ. ಆದರೆ ಎಲ್ಲ ಕಾಲೇಜಿನಲ್ಲೂ ಸಿಗುವುದಿಲ್ಲ. ಸಿಗದಿದ್ದರೆ ಚಿಂತೆಯಿಲ್ಲ, ಮುಖ್ಯವಾದ ಬಾಗಿಲು ಡಿಗ್ರಿಯದು. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್ಸಿ. ಮನಶ್ಶಾಸ್ತ್ರಕ್ಕೆ ಸೇರಲು ಸಾಮಾನ್ಯವಾಗಿ ಡಿಗ್ರಿಯಲ್ಲಿ ಆ ವಿಷಯವನ್ನು ಓದಿರಬೇಕು. ಇದನ್ನು ಎರಡು ಸಲ ಓದಿ ಅಕ್ಕ. ಯಾಕೆಂದರೆ ಮನೆ ಹತ್ತಿರದ ಕಾಲೇಜಿಗೆ ಸೇರಿಸಿ, ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಕೊಡಿಸಿ, ಮೂರು ವರ್ಷ ಆದಮೇಲೆ "ಈಗ ಸೈಕಾಲಜಿ ಎಂ.ಎಸ್ಸಿ.ಗೆ ಹಾಕೋಣ" ಎಂದು ಹೊರಟವರು ಅರ್ಜಿ ಹಿಡಿದು ಸಪ್ಪೆ ಮುಖ ಮಾಡಿಕೊಂಡು ವಾಪಸು ಬಂದದ್ದನ್ನು ನಾನು ಕಂಡಿದ್ದೇನೆ. ಹದಿನೆಂಟನೆಯ ವಯಸ್ಸಿನಲ್ಲಿ ತುಂಬಿದ ಅರ್ಜಿಯ ಒಂದು ಗೀಟು ಇಪ್ಪತ್ತೊಂದಕ್ಕೆ ಅಡ್ಡ ಬರುತ್ತದೆ. ಮೈಸೂರಿನ ಮಾನಸಗಂಗೋತ್ರಿ, ಬೆಂಗಳೂರಿನ ಜ್ಞಾನಭಾರತಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಎಲ್ಲೇ ಆಗಲಿ, ಆಯಾ ವರ್ಷದ ಪ್ರವೇಶ ಪ್ರಕಟಣೆಯನ್ನು ಡಿಗ್ರಿಗೆ ಸೇರುವ ಮುಂಚೆಯೇ ಓದಿಸಿ.

ಡಿಗ್ರಿ ಮೂರು ವರ್ಷವೋ ನಾಲ್ಕೋ ಎಂದೂ ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಯುಜಿಸಿಯವರು 2024ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ, ಮೂರು ವರ್ಷದ ಡಿಗ್ರಿ ಮಾಡಿದವರಿಗೆ ಸ್ನಾತಕೋತ್ತರ ಓದು ಎರಡು ವರ್ಷ, ನಾಲ್ಕು ವರ್ಷ ಓದಿ ಬಂದವರಿಗೆ ಒಂದೇ ವರ್ಷ. ಎರಡು ವರ್ಷದವರು ಎರಡನೆಯ ವರ್ಷವನ್ನು ಪೂರ್ತಿ ಪಾಠಕ್ಕೆ ಕೊಡಬಹುದು, ಕೊನೆಯ ಆರು ತಿಂಗಳು ಸಂಶೋಧನೆಗೆ ಕೊಡಬಹುದು, ಇಲ್ಲವೇ ವರ್ಷಪೂರ್ತಿ ಸಂಶೋಧನೆಯನ್ನೇ ಮಾಡಬಹುದು. ಇದರಲ್ಲಿ ಯಾವುದಕ್ಕೆ ತಮ್ಮಲ್ಲಿ ಅವಕಾಶ ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ತೀರ್ಮಾನಿಸುತ್ತದೆ. ಸಂಶೋಧನೆಗೇ ಹೋಗಬೇಕೆನ್ನುವ ಹುಡುಗಿ ಸೇರುವ ಮೊದಲೇ ಇದನ್ನು ಕೇಳಬೇಕು.

ನಮ್ಮಂಥ ಗೃಹಿಣಿಯರಿಗೆ ಬೇಸರ ತರುವ ಸಂಗತಿಯೊಂದಿದೆ. ಯಾವುದೇ ಡಿಗ್ರಿ ಆಗಿದ್ದವರೂ ಇಗ್ನೋ ಮೂಲಕ ಮನೆಯಲ್ಲೇ ಕೂತು ಮನಶ್ಶಾಸ್ತ್ರದ ಎಂ.ಎ. ಮಾಡಬಹುದಿತ್ತು. ಮದುವೆಯಾಗಿ, ಮಕ್ಕಳು ದೊಡ್ಡವರಾದ ಮೇಲೆ ಪುಸ್ತಕ ಹಿಡಿದ ಎಷ್ಟೋ ಹೆಂಗಸರಿಗೆ ಅದು ಆಸರೆಯಾಗಿತ್ತು. ಆದರೆ ಮನಶ್ಶಾಸ್ತ್ರವನ್ನು ಆರೋಗ್ಯ ಸಂಬಂಧಿ ವಿಷಯಗಳ ಜೊತೆ ಸೇರಿಸಿ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಅದನ್ನು ದೂರಶಿಕ್ಷಣ, ಆನ್‌ಲೈನ್ ಮೂಲಕ ಕಲಿಸಕೂಡದೆಂದು ಯುಜಿಸಿ ಆದೇಶಿಸಿತು. ಮೊದಲೇ ಸೇರಿದ್ದವರು ಮುಗಿಸಬಹುದು, ಹೊಸದಾಗಿ ಸೇರಿಸಿಕೊಳ್ಳುವಂತಿಲ್ಲ. ಕಾರಣ ಇಲ್ಲದಿಲ್ಲ. ಮನುಷ್ಯರ ಜೊತೆ ಕೂತು ಕಲಿಯಬೇಕಾದ್ದನ್ನು ಪಾರ್ಸೆಲ್ಲಿನಲ್ಲಿ ಕಳಿಸಲಾದೀತೆ? ಆದರೂ ಮನೆ ಬಿಟ್ಟು ಹೋಗಲಾರದವಳ ಪಾಲಿಗೆ ಇದ್ದ ಒಂದು ಕಿಟಕಿಯೂ ಮುಚ್ಚಿತಲ್ಲ ಎಂದು ನನಗೆ ಈಗಲೂ ಕಸಿವಿಸಿ. ಇನ್ನು ಮುಂದೆ "ಮನೇಲೇ ಕೂತು ಸೈಕಾಲಜಿ ಡಿಗ್ರಿ" ಎಂದು ಯಾರಾದರೂ ಜಾಹೀರಾತು ತೋರಿಸಿದರೆ, ದುಡ್ಡು ಕಟ್ಟುವ ಮೊದಲು ಈ ಆದೇಶ ನೆನಪಿರಲಿ.

ಸೇರಿದ ಮೇಲೆ ಓದುವುದೇನು? ಪ್ರಯೋಗಶಾಲೆಯಿದೆ. ಅಲ್ಲಿ ಗಾಜಿನ ಸೀಸೆ, ಆಸಿಡ್ ಇರುವುದಿಲ್ಲ. ಕೈಯನ್ನು ಮರೆಮಾಡಿ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದಿಸುತ್ತಾರೆ, ಎಷ್ಟು ಸಲಕ್ಕೆ ಕೈ ಕಲಿಯುತ್ತದೆ ಎಂದು ಗುರುತಿಸುತ್ತಾರೆ. ಮನೆಯಲ್ಲಿ ಮಾಡಿ ನೋಡಿ, ಒಳ್ಳೇ ತಮಾಷೆ. ಇದರ ಜೊತೆಗೆ ಸಂಖ್ಯಾಶಾಸ್ತ್ರ. ಲೆಕ್ಕಕ್ಕೆ ಹೆದರಿ ಆರ್ಟ್ಸ್ ತಗೊಂಡ ಹುಡುಗಿಯರು ಇಲ್ಲಿ ಒಮ್ಮೆ ಬೆವರುತ್ತಾರೆ. ‘ಟಿ-ಪರೀಕ್ಷೆ’ ಎಂಬ ಲೆಕ್ಕವೊಂದಿದೆ, ಎರಡು ಗುಂಪಿನ ನಡುವೆ ಕಾಣುವ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ತೂಗಿ ನೋಡುವುದಕ್ಕೆ. ಅದನ್ನು 1908ರಲ್ಲಿ ಪ್ರಕಟಿಸಿದಾತ ಐರ್ಲೆಂಡಿನ ಒಂದು ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನಂತೆ! ಪಠ್ಯಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ಆರು ತಿಂಗಳು ನಿಘಂಟೇ ಗತಿ. ಅದನ್ನು ಮುಚ್ಚಿಟ್ಟು ಹೇಳಬಾರದು.

ಆದರೆ ಇಂಗ್ಲಿಷ್ ಚೆನ್ನಾಗಿ ಬಲ್ಲ ಪಟ್ಟಣದ ಹುಡುಗಿಯರು ಕೈಚೆಲ್ಲುವ, ನಮ್ಮೂರ ಹುಡುಗಿ ಗೆಲ್ಲುವ ಜಾಗವೂ ಒಂದಿದೆ. ಅದು ಸಂಶೋಧನಾ ಪ್ರಬಂಧ. ಈ ಪದವಿಯ ತಿರುಳೇ ಅದು.

ನಮ್ಮ ಹುಡುಗಿ ಆರಿಸಿಕೊಂಡ ವಿಷಯ ತೋಟದ ಸೀಮೆಯ ಹೆಂಗಸರ ಮನಸ್ಸಿನ ಒತ್ತಡ. ಮೊದಲು "ಗ್ರಾಮೀಣ ಮಹಿಳೆಯರ ಮನಸ್ಸು" ಎಂದು ದೊಡ್ಡದಾಗಿ ಬರೆದುಕೊಂಡು ಹೋಗಿದ್ದಳು. ಅವಳ ಮಾರ್ಗದರ್ಶಕರು ನಕ್ಕು, "ಇದಕ್ಕೆ ಒಂದು ಜನ್ಮ ಸಾಲದಮ್ಮ, ಚಿಕ್ಕದು ಮಾಡಿಕೊಂಡು ಬಾ" ಎಂದರಂತೆ. ಚಿಕ್ಕದು ಮಾಡುವುದೆಂದರೆ, ಯಾವ ಹೆಂಗಸರು? ಕೊಬ್ಬರಿ ಸುಲಿಯಲು ಕೂಲಿಗೆ ಹೋಗುವವರೋ, ಮನೆಯಲ್ಲೇ ಇರುವವರೋ? ಯಾವ ವಯಸ್ಸಿನವರು? ಯಾವುದನ್ನು ಯಾವುದರ ಜೊತೆ ಹೋಲಿಸಬೇಕು? ಇಷ್ಟು ಗಟ್ಟಿಯಾಗುವುದಕ್ಕೇ ಒಂದೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ವಿಷಯದ ಮೇಲೆ ಹಿಂದೆ ಯಾರು ಯಾರು ಏನು ಬರೆದಿದ್ದಾರೆ ಎಂದು ಹುಡುಕಿ ಓದಿ ಟಿಪ್ಪಣಿ ಮಾಡಬೇಕು. ಅದೇ ಒಂದು ಅಧ್ಯಾಯವಾಗುತ್ತದೆ.

ಆಮೇಲೆ ಅಳತೆ. ಒತ್ತಡ ಅಳೆಯಲು ಅಮೆರಿಕದ ಕೋಹೆನ್ ಎಂಬುವರು ತಮ್ಮ ಜೊತೆಗಾರರೊಂದಿಗೆ 1983ರಲ್ಲಿ ಮಾಡಿದ ಪ್ರಶ್ನಾವಳಿಯೊಂದು ಬಹಳ ಬಳಕೆಯಲ್ಲಿದೆ. ಕಳೆದ ಒಂದು ತಿಂಗಳಲ್ಲಿ ಹೀಗೆ ಎಷ್ಟು ಸಲ ಅನ್ನಿಸಿತು ಎಂದು ಕೇಳುತ್ತಾ ಹೋಗುತ್ತದೆ. ಒಂದೂ ಇಲ್ಲ, ಅಪರೂಪಕ್ಕೆ, ಕೆಲವು ಸಲ, ಹೀಗೆ ಐದು ಉತ್ತರ, ಒಂದೊಂದಕ್ಕೆ ಒಂದೊಂದು ಅಂಕ. ಪ್ರಶ್ನಾವಳಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಅವಳು ನನಗೆ ಪಾವಿನ ಲೆಕ್ಕದಲ್ಲಿ ಹೇಳಿಕೊಟ್ಟಳು. ಅದೇ ಅಕ್ಕಿಯನ್ನು ಇವತ್ತು ಅಳೆದರೂ ನಾಳೆ ಅಳೆದರೂ ಪಾವು ಒಂದೇ ಲೆಕ್ಕ ಕೊಟ್ಟರೆ ಅದು ನಂಬಿಕಸ್ತ ಪಾವು. ಆದರೆ ಪಾವು ಎಷ್ಟೇ ಸರಿಯಿದ್ದರೂ, ಅಕ್ಕಿ ಎಂದುಕೊಂಡು ರಾಗಿ ಅಳೆಯುತ್ತಿದ್ದರೆ? ಒತ್ತಡ ಅಳೆಯುತ್ತೇನೆಂದು ಬರೀ ಮೈ ಆಯಾಸವನ್ನು ಅಳೆದರೆ ಹಾಗೇ. ಎರಡೂ ಸರಿಯಿದೆಯೆಂದು ಲೆಕ್ಕ ಕೊಟ್ಟು ತೋರಿಸಬೇಕು.

ನಿಜವಾದ ಪೇಚಾಟ ಭಾಷೆಯದು. ಇಂಗ್ಲಿಷ್ ಪ್ರಶ್ನಾವಳಿಯನ್ನು ಒಬ್ಬರು ಕನ್ನಡಕ್ಕೆ ತರಬೇಕು, ಮೂಲವನ್ನು ನೋಡದ ಇನ್ನೊಬ್ಬರು ಆ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು, ಎರಡನ್ನೂ ಎದುರೆದುರು ಇಟ್ಟು ಅರ್ಥ ಕೆಟ್ಟಿದೆಯೇ ನೋಡಬೇಕು. ಅವಳ ಮೊದಲ ಕನ್ನಡ ಪ್ರತಿಯಲ್ಲಿ ‘ಮಾನಸಿಕ ಒತ್ತಡ’, ‘ಖಿನ್ನತೆ’, ‘ನಿಯಂತ್ರಣ’ ಎಂಬ ಮಾತುಗಳೇ ತುಂಬಿದ್ದವು. ನಾನು ಓದಿ, "ಅಲ್ಲ ಕಣೇ, ‘ಖಿನ್ನತೆ’ ಅಂದ್ರೆ ನಮ್ಮ ಅಟ್ಟದ ಮೇಲೆ ಕಾಯಿ ಹಾಕೋ ರಂಗಮ್ಮಜ್ಜಿಯಂಥೋರಿಗೆ ಏನು ಗೊತ್ತಾಗ್ತದೆ?" ಅಂದೆ. "ಮತ್ತೆ ಏನಂತಾರೆ ಚಿಕ್ಕಮ್ಮ?" ಎಂದು ಪೆನ್ನು ತೆಗೆದಳು. ಏನಂತಾರೆ? ಮನ್ಸಿಗೆ ಸಮಾಧಾನ ಇಲ್ಲ ಅಂತಾರೆ. ಎದೆ ಭಾರ ಅಂತಾರೆ. ಕೈಕಾಲು ಸೋತಂಗಾಗ್ತದೆ ಅಂತಾರೆ, ಅದೇ ಮನಸ್ಸಿನ ಸುದ್ದಿಯನ್ನು ಕೈಕಾಲಿನ ಮೇಲೆ ಹಾಕಿ. ಏನೂ ಬ್ಯಾಡ ಅನ್ನಿಸ್ತದೆ ಅಂತಾರೆ. ಆ ಸಂಜೆ ನಾವಿಬ್ಬರೂ ಒಂದು ಪುಟ ತುಂಬ ಮಾತು ಬರೆದೆವು. ಬೇಕಾದ ಹಾಗೆ ಬದಲಿಸುವಂತಿಲ್ಲ, ಪ್ರಶ್ನಾವಳಿ ಮಾಡಿದವರ ಅನುಮತಿ ಬೇಕು, ಹೊಸ ಮಾತು ಹಾಕಿದರೆ ಮೊದಲು ಕೆಲವರ ಮೇಲೆ ಪ್ರಯೋಗಿಸಿ ನೋಡಬೇಕು. ಅದೆಲ್ಲ ಮಾಡಿದಳು. ಆದರೆ ಆ ಪುಟ ಯಾವ ಇಂಗ್ಲಿಷ್ ಪುಸ್ತಕದಲ್ಲಿ ಸಿಗುತ್ತಿತ್ತು ಹೇಳಿ. ಬೆಳಗಾಂ ಧಾರವಾಡದ ಕಡೆ ವಿ.ವಿ. ಕಾಮತ್ ಎನ್ನುವವರು ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದೂ ಇಂಥದೇ ಕೆಲಸ. ಅವರ ಪುಸ್ತಕ ಬಂದದ್ದು 1940ರಲ್ಲಿ. ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರಾಯಿತು.

ಇನ್ನು ಯಾರನ್ನು ಕೇಳಬೇಕು ಎನ್ನುವುದು. ಮೂಟೆ ಬಿಚ್ಚಿ ಕೊಬ್ಬರಿ ನೋಡುವ ವರ್ತಕ ಬಾಯಲ್ಲಿರುವ ನಾಲ್ಕನ್ನೇ ನೋಡಿ ಬೆಲೆ ಹೇಳುತ್ತಾನೆಯೆ? ಕೈ ಒಳಗೆ ಹಾಕಿ ನಡುವಿನದು, ತಳದ್ದು ತೆಗೆದು ನೋಡುತ್ತಾನೆ. ಸಂಶೋಧನೆಯಲ್ಲೂ ಅಷ್ಟೆ. ನಮ್ಮ ಬೀದಿಯ, ನಮ್ಮ ಜಾತಿಯ, ಪರಿಚಯದ ಹತ್ತು ಮನೆಗೆ ಹೋಗಿ ಬಂದರೆ ಅದು ಮೂಟೆಯ ಬಾಯಿ. ಅವಳು ಪಟ್ಟಿ ಮಾಡಿ, ಚೀಟಿ ಎತ್ತಿ ಮನೆ ಆರಿಸಿದಳು. ಬಂದ ಚೀಟಿಯ ಪ್ರಕಾರ ತೋಟದೊಳಗೆ ಎರಡು ಮೈಲಿ ನಡೆದೆವು ಕೂಡ.

ಮನೆಗೆ ಹೋದರೆ ಮೊದಲ ತೊಡಕು ಸಹಿ. ಉತ್ತರ ಹೇಳುವವರಿಗೆ ಇದು ಯಾತಕ್ಕೆ, ಹೇಳದಿದ್ದರೂ ನಡೆಯುತ್ತದೆ, ನಡುವೆ ಬೇಕಾದರೆ ನಿಲ್ಲಿಸಬಹುದು, ಹೆಸರು ಎಲ್ಲೂ ಬರುವುದಿಲ್ಲ ಎಂದು ತಿಳಿಸಿ ಒಪ್ಪಿಗೆ ಬರೆಸಿಕೊಳ್ಳಲೇಬೇಕು. ವಿಶ್ವವಿದ್ಯಾಲಯದ ನೀತಿ ಸಮಿತಿಯ ಕಟ್ಟಳೆ ಅದು. ಓದುಬರಹ ಬಾರದವರಾದರೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು. ಹದಿನೆಂಟು ತುಂಬದವರಾದರೆ ತಂದೆತಾಯಿಯ ಒಪ್ಪಿಗೆಯೂ ಬೇಕು. ನಮ್ಮ ಹೆಂಗಸರಿಗೆ ಕಾಗದ ಎಂದರೆ ಸಂಘದ ಸಾಲದ ಜಾಮೀನು. "ಮಾತು ಬೇಕಾದ್ರೆ ಆಡ್ತೀನಿ ಕಣವ್ವ, ಸೈನು ಮಾತ್ರ ಕೇಳಬ್ಯಾಡ" ಎಂದು ಒಬ್ಬಾಕೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. ಬಲವಂತ ಮಾಡುವ ಹಾಗಿಲ್ಲ. ಮಜ್ಜಿಗೆ ಕುಡಿದು ಎದ್ದು ಬಂದೆವು.

ಎರಡನೆಯ ತೊಡಕು ಅತ್ತೆಯರು. ಸೊಸೆಯನ್ನು ಕೇಳುವಾಗ ಅತ್ತೆ ಪಕ್ಕದಲ್ಲಿದ್ದರೆ ಎಲ್ಲ ಪ್ರಶ್ನೆಗೂ "ಚೆನ್ನಾಗಿದೀನಿ" ಎಂಬ ಒಂದೇ ಉತ್ತರ. ಹಾಗಾಗಿ ನನ್ನ ಉದ್ಯೋಗ ಏನಾಗಿತ್ತು ಗೊತ್ತೆ? ಅತ್ತೆಯನ್ನು ಹಿತ್ತಿಲಿಗೆ ಕರೆದೊಯ್ದು ಕೊಬ್ಬರಿ ರೇಟು, ನುಸಿ ರೋಗ, ಈ ವರ್ಷ ಹರಳು ಎಷ್ಟು ಉದುರಿತು ಎಂದು ಮಾತಿಗೆ ಹಚ್ಚುವುದು. ಆ ಅರ್ಧ ಗಂಟೆಯಲ್ಲಿ ಒಳಗೆ ಹುಡುಗಿ ತನ್ನ ಕೆಲಸ ಮುಗಿಸುತ್ತಿದ್ದಳು. ಒಂದು ಮನೆಯಲ್ಲಿ ಸೊಸೆ ಅಳುವುದು ಹೊರಗೇ ಕೇಳಿಸಿತು. ಹೊರಬಂದ ಮೇಲೆ ಏನು ಹೇಳಿದಳು ಎಂದು ನಾನು ಕೇಳಿದೆ. "ಹೇಳೋ ಹಾಗಿಲ್ಲ ಚಿಕ್ಕಮ್ಮ" ಎಂದಳು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅವಳ ಮೇಲೆ ಗೌರವ ಹೆಚ್ಚಾಯಿತು. ಅಂಥ ಸಂದರ್ಭಕ್ಕೆ ಏನು ಮಾಡಬೇಕು ಎನ್ನುವುದನ್ನೂ ಮೊದಲೇ ಬರೆದುಕೊಟ್ಟು ಒಪ್ಪಿಗೆ ಪಡೆದಿರಬೇಕು. ಯಾರಾದರೂ ಜೀವ ಬೇಡ ಎನ್ನುವ ಮಾತಾಡಿದರೆ ಅಂಕ ಬರೆದುಕೊಂಡು ಸುಮ್ಮನೆ ಎದ್ದು ಬರುವುದಲ್ಲ. ಅವಳ ಚೀಲದಲ್ಲಿ ಸಹಾಯವಾಣಿಯ ಚೀಟಿಗಳಿದ್ದವು, ಟೆಲಿ-ಮಾನಸ್, ನಂಬರು 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ನೀವೂ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ.

ಉತ್ತರಗಳು ಬಂದ ಮೇಲೆ ಕಂಪ್ಯೂಟರಿನಲ್ಲಿ ಲೆಕ್ಕ. ಅಲ್ಲೊಂದು ಎಚ್ಚರಿಕೆಯಿದೆ. ಕೊಬ್ಬರಿ ಕೆಲಸದ ಹೆಂಗಸರಿಗೆ ನಿದ್ದೆ ಕಡಿಮೆ ಎಂದು ಲೆಕ್ಕ ತೋರಿಸಿತು ಅಂತ ಇಟ್ಟುಕೊಳ್ಳಿ. ಕೆಲಸದಿಂದಲೇ ನಿದ್ದೆ ಕೆಟ್ಟಿತು ಎನ್ನಬಹುದೆ? ಸಾಲ ಇರುವುದರಿಂದ ಕೆಲಸಕ್ಕೂ ಹೋಗುತ್ತಿರಬಹುದು, ಸಾಲದಿಂದಲೇ ನಿದ್ದೆಯೂ ಕೆಟ್ಟಿರಬಹುದು. ಎರಡು ಸಂಗತಿ ಜೊತೆಗಿವೆ ಎನ್ನುವುದು ಒಂದು, ಒಂದರಿಂದ ಇನ್ನೊಂದು ಎನ್ನುವುದು ಬೇರೆ. ಬೇರೆಯವರ ಪ್ರಬಂಧ ನಕಲು ಮಾಡುವ ಆಸೆಯಂತೂ ಬೇಡ. ಯಂತ್ರವೇ ಹಿಡಿದುಕೊಡುತ್ತದೆ. 2018ರ ಯುಜಿಸಿ ನಿಯಮದ ಪ್ರಕಾರ ಹೋಲಿಕೆ ನೂರಕ್ಕೆ ಹತ್ತು ದಾಟಿದರೆ ತಿದ್ದಿ ಬರೆಯಬೇಕು, ತೀರಾ ಹೆಚ್ಚಾದರೆ ಹೆಸರೇ ತೆಗೆದುಹಾಕಬಹುದು. ಕಡೆಗೆ ಪರೀಕ್ಷಕರ ಎದುರು ಮೌಖಿಕ ಪರೀಕ್ಷೆ. ಇವಳಿಗೆ ಅವರು ಹೆಚ್ಚು ಕೇಳಿದ್ದು ಲೆಕ್ಕವನ್ನಲ್ಲ, ಆ ಕನ್ನಡ ಮಾತುಗಳ ಪುಟವನ್ನಂತೆ.

ಪದವಿ ಬಂದಮೇಲೆ? ಪಾಸಾದರೆ ಸಾಕು ಎನ್ನಬೇಡಿ, ನೂರಕ್ಕೆ 55 ಬರಬೇಕು, ಪರಿಶಿಷ್ಟರು, ಹಿಂದುಳಿದವರು, ಅಂಗವಿಕಲರಿಗೆ ನೂರಕ್ಕೆ ಐದರ ರಿಯಾಯಿತಿ. ಪಿಎಚ್.ಡಿ.ಗೂ, ಎನ್.ಇ.ಟಿ. ಪರೀಕ್ಷೆಗೂ ಅಷ್ಟು ಬೇಕು. ಆ ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಬಂದು ಜೆ.ಆರ್.ಎಫ್. ಸಿಕ್ಕರೆ ಸಂಶೋಧನೆ ಮಾಡುತ್ತಲೇ ತಿಂಗಳಿಗೆ 37,000 ರೂಪಾಯಿ, ಇದು 2023ರಲ್ಲಿ ಏರಿಸಿದ ಮೊತ್ತ. ಮೊದಲಿದ್ದ ಎಂ.ಫಿಲ್. ಪದವಿಯನ್ನು 2022ರ ನವೆಂಬರಿನಲ್ಲಿ ಯುಜಿಸಿ ಕೈಬಿಟ್ಟಿತು. ಚಿಕಿತ್ಸಾ ಮನಶ್ಶಾಸ್ತ್ರದ ಎಂ.ಫಿಲ್.ಗೆ ಮಾತ್ರ 2025-26ರವರೆಗೆ ಅವಧಿ ಕೊಟ್ಟಿತ್ತು. ಆಸ್ಪತ್ರೆಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯಾಗಿ ಕೂರಬೇಕೆಂದಿದ್ದರೆ ಈ ಎಂ.ಎಸ್ಸಿ. ಒಂದೇ ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಓದು, ಅಲ್ಲಿ ನೋಂದಣಿ, ಎರಡೂ ಬೇಕು. ಯಾವ ಕಾಲೇಜಿನ ಯಾವ ಕೋರ್ಸಿಗೆ ಮಾನ್ಯತೆ ಇದೆ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಿ, ಕಾಲೇಜಿನವರ ಮಾತಿನ ಮೇಲೆ ಹೋಗಬೇಡಿ.

ಖರ್ಚಿನ ಮಾತು. ಕಾಯಿ ಅಟ್ಟಕ್ಕೆ ಹಾಕಿ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಕಾಯುವ ನಮಗೆ, ಫೀಸು ಕಟ್ಟುವ ದಿನಕ್ಕೆ ಸರಿಯಾಗಿ ದುಡ್ಡು ಕೈಗೆ ಬರುವುದಿಲ್ಲ. ಬೆಲೆ ಬಿದ್ದ ವರ್ಷವಂತೂ ಕೇಳುವುದೇ ಬೇಡ. ತಿಪಟೂರಿನಿಂದ ಅರಸೀಕೆರೆ, ಹಾಸನದ ಮೇಲೆ ಮೈಸೂರಿಗೆ ರೈಲು ಮಾರ್ಗವಿದೆ, ತುರುವೇಕೆರೆಯವರು ಬಾಣಸಂದ್ರಕ್ಕೆ ಬಂದು ಹತ್ತಬಹುದು. ಆದರೆ ದಿನಾ ಓಡಾಡುವ ದೂರವಲ್ಲ, ಹಾಸ್ಟೆಲೇ ಸರಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಹೆಣ್ಣುಮಕ್ಕಳ ಹಾಸ್ಟೆಲುಗಳಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ‘ವಿದ್ಯಾಸಿರಿ’ ಸಹಾಯಧನವಿದೆ. ವಿದ್ಯಾರ್ಥಿವೇತನಕ್ಕೆ ಎಸ್.ಎಸ್.ಪಿ. ಜಾಲದಲ್ಲಿ ಅರ್ಜಿ ಹಾಕಬೇಕು, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಬೇಕು. ಮಾರ್ಕ್ಸ್ ಕಾರ್ಡಿನಲ್ಲಿ, ಆಧಾರಿನಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ ಹುಡುಗಿಯ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆದರೂ ಅರ್ಜಿ ನಿಂತುಬಿಡುತ್ತದೆ. ಪರೀಕ್ಷೆ ಮುಗಿದ ರಜೆಯಲ್ಲೇ ನಾಡಕಚೇರಿಗೆ ಹೋಗಿ ಸರಿಮಾಡಿಸಿ, ಜೂನ್ ಬಂದರೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.